ಹಪ್ಪಳದ ಹಾಗೆ ಪುಡಿಯಾದ ಬ್ರೀದರ್ ಪೈಪ್: ಇಷ್ಟಕ್ಕೇ ಇಂಜಿನ್ ಇಳಿಸಬೇಕಾ?

ಸಾಗರದಿಂದ ಓದುಗರೊಬ್ಬರು ಬರೆದಿದ್ದಾರೆ:

"ಸರ್, ನಮ್ಮದು 2004ರ ಮಾರುತಿ ಎಸ್ಟೀಮ್, ಪೆಟ್ರೋಲ್. ಅಪ್ಪ ಕೊಂಡ ಕಾರು. 1,28,000 ಕಿ.ಮೀ. ಓಡಿದೆ. ಈಗ ದಿನಾ ಓಡುವುದು ಮನೆಯಿಂದ ಅಂಗಡಿಗೆ ಮೂರ್ನಾಲ್ಕು ಕಿ.ಮೀ. ಅಷ್ಟೇ. ಈ ಮಳೆಗಾಲದಲ್ಲಿ ಐಡ್ಲಿಂಗ್ ಏರಿ ಇಳಿಯಲು ಶುರುವಾಯಿತು. ಬಾನೆಟ್ ಒಳಗಿಂದ ಸುಯ್ ಅಂತ ಸದ್ದು. ಟ್ಯಾಪೆಟ್ ಕವರ್ (ಇಂಜಿನ್ ತಲೆಯ ಮೇಲಿನ ಮುಚ್ಚಳ) ಸುತ್ತ ಆಯಿಲ್ ಜಿನುಗುತ್ತಿದೆ. ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಬೆಣ್ಣೆ ಥರ ಬಿಳಿ ಅಂಟು. ಗ್ಯಾರೇಜಿನಲ್ಲಿ ಏರ್ ಫಿಲ್ಟರ್ ಡಬ್ಬಿ ಬಿಚ್ಚುವಾಗ ಅಲ್ಲಿಂದ ಟ್ಯಾಪೆಟ್ ಕವರ್‌ಗೆ ಹೋಗುವ ರಬ್ಬರ್ ಪೈಪ್ ಹಪ್ಪಳದ ಹಾಗೆ ಪುಡಿಯಾಯಿತು. ಮೆಕ್ಯಾನಿಕ್ ಆಯಿಲ್ ಕ್ಯಾಪ್ ತೆಗೆದು ತೋರಿಸಿ 'ಹೊಗೆ ನೋಡಿ, ರಿಂಗ್ ಹೋಗಿದೆ, ನೀರೂ ಸೇರಿದೆ, ಇಂಜಿನ್ ಇಳಿಸಬೇಕು' ಅಂದರು. ನಲವತ್ತು ಸಾವಿರದ ಮೇಲೆ ಹೇಳಿದ್ದಾರೆ. ಇನ್ನೊಬ್ಬರು ಆ ಪೈಪ್ ಬೇಕಾಗೇ ಇಲ್ಲ, ಬೋಲ್ಟ್ ಹಾಕಿ ಮುಚ್ಚಿಬಿಡಿ ಅಂತಾರೆ. ನೆಂಟರ ಹುಡುಗ ಇದೆಲ್ಲ ಇ20 (20% ಎಥೆನಾಲ್ ಬೆರೆಸಿದ) ಪೆಟ್ರೋಲ್ ಮಹಿಮೆ, ಒಂದು ಕ್ಯಾಚ್ ಕ್ಯಾನ್ (ಆಯಿಲ್ ಆವಿ ಹಿಡಿದಿಡುವ ಡಬ್ಬಿ) ಹಾಕಿಸಿ ಅಂತಾನೆ. ಕಾರು ಮಾರಲು ಮನಸ್ಸಿಲ್ಲ. ಏನು ಮಾಡಲಿ?"

ಮೊದಲಿಗೆ, ಇಂಜಿನ್ ಇಳಿಸಬೇಡಿ. ಕನಿಷ್ಠ ಈ ವಾರ ಬೇಡ. ನೀವು ಬರೆದಿರುವ ಲಕ್ಷಣಗಳಲ್ಲಿ ಒಂದೂ ರಿಂಗ್ ಹೋಗಿದೆ ಅಂತ ಸಾಬೀತು ಮಾಡುವುದಿಲ್ಲ. ಹೋಗಿಲ್ಲ ಅಂತಲೂ ಹೇಳುವುದಿಲ್ಲ, ಅದನ್ನು ಅಳೆದು ನೋಡಬೇಕು. ಆದರೆ ಗಾಳಿಯಾಡುವ ದಾರಿ ಕೆಟ್ಟಿರುವಾಗ ಕ್ಯಾಪ್ ತೆಗೆದು ಹೊಗೆ ನೋಡಿದರೆ ಏನೂ ತೀರ್ಮಾನ ಆಗುವುದಿಲ್ಲ. ನನ್ನ ಇಪ್ಪತ್ತೆರಡು ವರ್ಷದ ಗ್ಯಾರೇಜ್ ಬದುಕಿನಲ್ಲಿ ಇದೇ ಕಥೆಯನ್ನು ಎಸ್ಟೀಮ್‌ನಲ್ಲಿ, ಜೆನ್‌ನಲ್ಲಿ, ಜಿಪ್ಸಿಯಲ್ಲಿ ಬೇಕಾದಷ್ಟು ಸಲ ನೋಡಿದ್ದೇನೆ. ಕೆಲವು ನೂರು ರೂಪಾಯಿಯ ರಬ್ಬರ್ ಸತ್ತಿರುತ್ತೆ, ಇಂಜಿನ್ ಸತ್ತಿದೆ ಅಂತ ತೀರ್ಪು ಬಂದಿರುತ್ತೆ.

ಆ ಬ್ರೀದರ್ ಪೈಪ್, ಅಂದರೆ ಇಂಜಿನ್ ಉಸಿರಾಡುವ ಪೈಪ್, ಏನು ಕೆಲಸ ಮಾಡುತ್ತೆ ಅಂತ ನೋಡೋಣ. ಪಿಸ್ಟನ್ ಮೇಲೆ ಪೆಟ್ರೋಲ್ ಉರಿದಾಗ ಆ ಒತ್ತಡದಲ್ಲಿ ಸ್ವಲ್ಪ ಗ್ಯಾಸ್ ಪಿಸ್ಟನ್ ಸುತ್ತಲಿನ ರಿಂಗ್ ಸಂದಿಯಿಂದ ಕೆಳಗೆ, ಆಯಿಲ್ ಇರುವ ಕಡೆಗೆ ನುಸುಳುತ್ತೆ. ಹೊಸ ಇಂಜಿನ್‌ನಲ್ಲೂ ನುಸುಳುತ್ತೆ. ಇದನ್ನೇ ಬ್ಲೋ-ಬೈ ಅನ್ನುವುದು. ಅದರಲ್ಲಿ ಉರಿಯದ ಪೆಟ್ರೋಲ್ ಇದೆ, ಮಸಿ ಇದೆ, ಮತ್ತೆ ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು, ನೀರಿನ ಆವಿ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತೆ. ನಂಬೋದು ಕಷ್ಟ, ಆದರೆ ನಿಜ. ಬೆಳಿಗ್ಗೆ ಗಾಡಿ ಚಾಲೂ ಮಾಡಿದಾಗ ಸೈಲೆನ್ಸರ್ ತುದಿಯಿಂದ ಹನಿ ಬೀಳುತ್ತಲ್ಲ, ಅದು ಇದೇ ನೀರು. ಬಹುಪಾಲು ಸೈಲೆನ್ಸರ್ ಕಡೆ ಹೋಗುತ್ತೆ, ಚೂರು ಮಾತ್ರ ಕೆಳಗೆ ಇಳಿಯುತ್ತೆ.

ಹಳೇ ಕಾಲದ ಇಂಜಿನ್‌ಗಳಲ್ಲಿ ಈ ಗ್ಯಾಸನ್ನು ಒಂದು ಕಬ್ಬಿಣದ ಪೈಪಿನಿಂದ ಸುಮ್ನೆ ರಸ್ತೆ ಕಡೆ ಬಿಡುತ್ತಿದ್ದರು. ಆಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹೊಗೆಮಂಜಿನ ಕಾಟ ತಡೆಯಲಾಗದೆ 1961ರ ಮಾಡೆಲ್ ಕಾರುಗಳಿಂದ ಈ ಗ್ಯಾಸನ್ನು ವಾಪಸ್ ಇಂಜಿನ್‌ಗೇ ಕುಡಿಸುವ ವ್ಯವಸ್ಥೆ ಬಂತು. ಅದೇ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್). ಹೊಗೆ ಕಮ್ಮಿ ಮಾಡಲು ಬಂದದ್ದಾದರೂ ಅದರಿಂದ ಜಾಸ್ತಿ ಲಾಭ ಆಗಿದ್ದು ಇಂಜಿನ್ ಆಯಿಲ್‌ಗೆ. ಒಳಗಿನ ತೇವ, ಪೆಟ್ರೋಲ್ ವಾಸನೆ ಎಲ್ಲ ಹೊರಗೆ ಹೋಗುತ್ತಾ ಇದ್ದರೆ ಆಯಿಲ್ ಬೇಗ ಕೆಡುವುದಿಲ್ಲ.

ನಿಮ್ಮದು 1298 ಸಿಸಿಯ ಎಂಪಿಎಫ್‌ಐ ಇಂಜಿನ್, ಅಂದರೆ ಪ್ರತಿ ಸಿಲಿಂಡರ್‌ಗೂ ಬೇರೆ ಬೇರೆಯಾಗಿ ಪೆಟ್ರೋಲ್ ಚಿಮ್ಮಿಸುವಂಥದ್ದು. ಅದರಲ್ಲಿ ಗಾಳಿಗೆ ಎರಡು ದಾರಿ ಇವೆ, ಇದು ಗೊತ್ತಿದ್ದರೆ ಅರ್ಧ ಗೊಂದಲ ಹೋಗುತ್ತೆ. ಒಂದು ಪೈಪ್ ಏರ್ ಫಿಲ್ಟರ್ ಕಡೆಯಿಂದ ಟ್ಯಾಪೆಟ್ ಕವರ್‌ಗೆ ಬರುತ್ತೆ, ಅದರಲ್ಲಿ ಶುದ್ಧ ಗಾಳಿ ಒಳಗೆ ಹೋಗುತ್ತೆ. ಇನ್ನೊಂದು ಪಿಸಿವಿ ವಾಲ್ವ್ ಮೂಲಕ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಗೆ) ಹೋಗುತ್ತೆ, ಅಲ್ಲಿನ ಎಳೆತಕ್ಕೆ ಕೊಳಕು ಗಾಳಿ ಹೊರಗೆ ಬರುತ್ತೆ. ಹಿತ್ತಿಲ ಬಾಗಿಲು, ಮುಂಬಾಗಿಲು ಎರಡೂ ತೆಗೆದಿಟ್ಟರೆ ಮನೆಯಲ್ಲಿ ಗಾಳಿ ಆಡುತ್ತಲ್ಲ, ಹಾಗೆ. ಪಿಸಿವಿ ವಾಲ್ವ್ ಅನ್ನುವುದು ಬೆರಳು ಗಾತ್ರದ ಒಂದು ಸಣ್ಣ ವಸ್ತು, ಒಳಗೆ ಒಂದು ಸೂಜಿ, ಒಂದು ಸ್ಪ್ರಿಂಗ್. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ ಜೋರಾಗಿ ಎಳೆಯುತ್ತೆ, ಆಗ ಸೂಜಿ ಮುಂದೆ ಬಂದು ಸಣ್ಣ ಕಿಂಡಿ ಮಾತ್ರ ಬಿಡುತ್ತೆ. ಹೆದ್ದಾರಿಯಲ್ಲಿ ಒಂದೇ ಸಮ ಹೋಗುವಾಗ ಜಾಸ್ತಿ ತೆರೆಯುತ್ತೆ. ಅಕಸ್ಮಾತ್ ಇಂಜಿನ್ ಬ್ಯಾಕ್‌ಫೈರ್ ಆದರೆ ಪೂರ್ತಿ ಮುಚ್ಚಿಕೊಂಡು ಬೆಂಕಿ ಒಳಗೆ ನುಗ್ಗದ ಹಾಗೆ ತಡೆಯುತ್ತೆ.

ಈಗ ನಿಮ್ಮ ಪತ್ರಕ್ಕೆ ಬರೋಣ. ಗ್ಯಾರೇಜಿನಲ್ಲಿ ಪುಡಿಯಾಗಿದ್ದು ಏರ್ ಫಿಲ್ಟರ್ ಕಡೆಯ ಪೈಪ್. ಅದು ಒಡೆದರೆ ಸುಯ್ ಅಂತ ಸದ್ದು ಬರುವುದಿಲ್ಲ, ಯಾಕೆಂದರೆ ಅಲ್ಲಿ ಅಂಥಾ ಎಳೆತ ಇಲ್ಲ. ಹಾಗಾದರೆ ಸುಯ್ ಅನ್ನುತ್ತಿರುವುದು ಯಾವುದು? ನನ್ನ ಅನುಮಾನ ಇನ್ನೊಂದು ಪೈಪ್ ಮೇಲೆ, ಮ್ಯಾನಿಫೋಲ್ಡ್ ಕಡೆಯದರ ಮೇಲೆ. ಎರಡಕ್ಕೂ ಒಂದೇ ವಯಸ್ಸು, ಎರಡೂ ಅದೇ ಬಿಸಿಯಲ್ಲಿ ಬೆಂದಿವೆ. ಒಂದು ಹಪ್ಪಳ ಆಗಿದ್ದರೆ ಇನ್ನೊಂದು ರೊಟ್ಟಿಯಾಗಿ ಉಳಿದಿರುವುದಿಲ್ಲ. ಅದರ ಕೆಳಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಕ್ಲಿಪ್ ಕಚ್ಚಿರುವ ಜಾಗದಲ್ಲಿ ಸೀಳು ಬಿಟ್ಟಿರುತ್ತೆ, ಬೇಕಾದರೆ ಕನ್ನಡಿ ಹಿಡಿದು ನೋಡಿ. ಅಲ್ಲಿ ಸೀಳಿದ್ದರೆ ಮ್ಯಾನಿಫೋಲ್ಡ್ ಹೊರಗಿನ ಗಾಳಿಯನ್ನೇ ಎಳೆದುಕೊಳ್ಳುತ್ತೆ, ಇಂಜಿನ್ ಒಳಗಿನ ಕೊಳಕು ಗಾಳಿ ಇದ್ದಲ್ಲೇ ಇರುತ್ತೆ. ಕಳ್ಳಗಾಳಿಯಿಂದ ಐಡ್ಲಿಂಗ್ ಏರುತ್ತೆ, ಕಂಪ್ಯೂಟರ್ ಅದನ್ನು ಇಳಿಸಲು ನೋಡುತ್ತೆ, ಮತ್ತೆ ಏರುತ್ತೆ. ಒಳಗೆ ಕಟ್ಟಿಕೊಂಡ ಒತ್ತಡ ಎಲ್ಲಿ ದಾರಿ ಸಿಗುತ್ತೋ ಅಲ್ಲಿ ಆಯಿಲನ್ನು ತಳ್ಳುತ್ತೆ, ಮೊದಲು ಸೋಲುವುದು ಟ್ಯಾಪೆಟ್ ಕವರ್ ಪ್ಯಾಕಿಂಗ್.

ಬಿಳಿ ಬೆಣ್ಣೆಗೂ ಇದೇ ಕಾರಣ ಇರಬಹುದು. ಮೂರ್ನಾಲ್ಕು ಕಿ.ಮೀ. ಓಡಿದರೆ ರೇಡಿಯೇಟರ್ ನೀರು ಬಿಸಿಯಾದ ಹಾಗೆ ಮೀಟರ್ ತೋರಿಸುತ್ತೆ, ಆಯಿಲ್ ಮಾತ್ರ ಇನ್ನೂ ಬೆಚ್ಚಗಾಗಿರುವುದಿಲ್ಲ. ತೇವ ಆವಿಯಾಗುವಷ್ಟು ಬಿಸಿ ಇಲ್ಲ, ಆವಿಯಾದರೂ ಹೊರಗೆ ಹೋಗಲು ದಾರಿ ಇಲ್ಲ. ಅದು ಹೋಗಿ ಇಂಜಿನ್ನಿನ ತಣ್ಣಗಿನ ಜಾಗದಲ್ಲಿ, ಅಂದರೆ ಕ್ಯಾಪ್ ಕೆಳಗೆ, ಆಯಿಲ್ ಜೊತೆ ಕಲೆತು ಕಡೆದ ಹಾಗೆ ಕೂರುತ್ತೆ. ಅದೂ ಸಾಗರದ ಜುಲೈನಲ್ಲಿ! ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಸೇರಿದ್ದರೆ ಬೇರೆ ಗುರುತುಗಳಿವೆ. ಕೂಲಂಟ್ ಮಟ್ಟ ವಾರ ವಾರ ಇಳಿಯುತ್ತೆ. ಆಯಿಲ್ ಕಡ್ಡಿ ತೆಗೆದರೆ ಅದರ ಮೇಲೂ ಹಾಲು ಬೆರೆಸಿದ ಕಾಫಿ ಬಣ್ಣ ಕಾಣುತ್ತೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ. ನೀವು ಇದ್ಯಾವುದನ್ನೂ ಬರೆದಿಲ್ಲ. ಕಡ್ಡಿ ಶುದ್ಧವಾಗಿದ್ದು ಕ್ಯಾಪ್ ಕೆಳಗೆ ಮಾತ್ರ ಬೆಣ್ಣೆ ಇದ್ದರೆ ನಿದ್ದೆಗೆಡಬೇಡಿ.

ಇನ್ನು ಆಯಿಲ್ ಕ್ಯಾಪ್ ತೆಗೆದು ಹೊಗೆ ತೋರಿಸುವ ಆ ಪರೀಕ್ಷೆ. ಇದು ನಮ್ಮ ಕಸುಬಿನ ಹಳೇ ನಾಟಕ, ಸಿಟ್ಟು ಮಾಡಿಕೊಳ್ಳದೆ ಹೇಳುತ್ತಿದ್ದೇನೆ, ನಾನೂ ಶುರುವಿನಲ್ಲಿ ಮಾಡಿದ್ದೆ. ಬಿಸಿ ಆಯಿಲ್ ಇರುವ, ನಾಲ್ಕು ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಡಬ್ಬಿಯ ಮುಚ್ಚಳ ತೆಗೆದರೆ ಪುಸು ಪುಸು ಅಂತ ಒಂಚೂರು ಬಂದೇ ಬರುತ್ತೆ. ಪಿಸಿವಿ ಕೆಟ್ಟಿದ್ದರೆ ಇನ್ನೂ ಜಾಸ್ತಿ ಬರುತ್ತೆ. ಅದನ್ನು ನೋಡಿ ರಿಂಗ್ ಹೋಗಿದೆ ಅನ್ನುವುದು, ಅಡುಗೆಮನೆಯಲ್ಲಿ ಹೊಗೆ ತುಂಬಿದೆ ಅಂತ ಒಲೆ ಒಡೆದು ಹಾಕಿದ ಹಾಗೆ. ಮೊದಲು ಕಿಟಕಿ ತೆಗೆದಿದೆಯಾ ನೋಡಬೇಕು ಅಲ್ವಾ?

ಇ20 ವಿಷಯದಲ್ಲಿ ನೆಂಟರ ಹುಡುಗನದ್ದು ಪೂರ್ತಿ ತಪ್ಪಲ್ಲ, ಆದರೆ ಬೇರೆ ಜಾಗದಲ್ಲಿ ಸರಿ. ಎಥೆನಾಲ್‌ಗೆ ಹಳೇ ರಬ್ಬರ್ ಆಗಿಬರುವುದಿಲ್ಲ. 2004ರ ಗಾಡಿಯನ್ನು ಆ ಪೆಟ್ರೋಲ್ ಮನಸ್ಸಲ್ಲಿಟ್ಟು ಮಾಡಿಲ್ಲ. ಹಾಗಾಗಿ ಟ್ಯಾಂಕಿನಿಂದ ಇಂಜಿನ್‌ವರೆಗಿನ ಪೆಟ್ರೋಲ್ ಪೈಪ್‌ಗಳನ್ನು ಒಮ್ಮೆ ಮುಟ್ಟಿ, ಮೂಸಿ ನೋಡಿಸಿ. ಆದರೆ ಬ್ರೀದರ್ ಪೈಪ್ ಮುಖ್ಯವಾಗಿ ಸಾಯುವುದು ವಯಸ್ಸಿನಿಂದ. ರಬ್ಬರನ್ನು ಮೆತ್ತಗೆ ಇಡಲು ಅದರಲ್ಲಿ ಒಂದು ಎಣ್ಣೆಯಂಥ ಅಂಶ ಸೇರಿಸಿರುತ್ತಾರೆ. ಇಪ್ಪತ್ತು ವರ್ಷ ಒಳಗಿಂದ ಬಿಸಿ ಆಯಿಲ್ ಆವಿ, ಹೊರಗಿಂದ ಇಂಜಿನ್ ಶಾಖ ಬಿದ್ದರೆ ಆ ಅಂಶ ಹೊರಟುಹೋಗಿ ರಬ್ಬರ್ ಗಟ್ಟಿಯಾಗುತ್ತೆ. ಪ್ಲಾಸ್ಟಿಕ್ ಭಾಗಗಳಿಗೂ ಇದೇ ಗತಿ. ನಿಲ್ಲಿಸಿಟ್ಟ ಗಾಡಿಗೂ ಬಿಡದು, ಕಿ.ಮೀ. ಕಮ್ಮಿ ಇದೆ ಅನ್ನುವುದು ರಬ್ಬರ್‌ಗೆ ಗೊತ್ತಾಗಲ್ಲ.

ಬೋಲ್ಟ್ ಹಾಕಿ ಮುಚ್ಚುವ ಸಲಹೆ ಮಾತ್ರ ದಯವಿಟ್ಟು ಕೇಳಬೇಡಿ. ಮ್ಯಾನಿಫೋಲ್ಡ್ ಕಡೆಯದನ್ನೂ ಸೇರಿಸಿ ಮುಚ್ಚಿದ ದಿನ ಐಡ್ಲಿಂಗ್ ಸರಿಹೋಗುತ್ತೆ, ಯಾಕೆಂದರೆ ಕಳ್ಳಗಾಳಿ ನಿಂತಿತು. ಎಲ್ಲರಿಗೂ ಖುಷಿ. ಆರು ತಿಂಗಳು, ವರ್ಷ ಕಳೆದ ಮೇಲೆ ಕ್ರ್ಯಾಂಕ್ ಸೀಲಿನಿಂದ ಆಯಿಲ್ ಸೋರಲು ಶುರುವಾಗುತ್ತೆ, ಒಳಗೆ ಕಪ್ಪು ಕೆಸರು ಕಟ್ಟುತ್ತೆ, ಆಗ ಬೋಲ್ಟ್ ಹಾಕಿದವರು ನೆನಪಿಗೆ ಬರುವುದಿಲ್ಲ. ಗೇರ್‌ಬಾಕ್ಸ್ ಕಡೆಯ ಸೀಲ್ ಸೋರಿದರೆ ಗೇರ್‌ಬಾಕ್ಸ್ ಇಳಿಸಿಯೇ ಹಾಕಬೇಕು. ಪೈಪನ್ನು ಕೆಳಗೆ ನೇತಾಡಲು ಬಿಡುವವರೂ ಇದ್ದಾರೆ. ಮುಚ್ಚುವುದಕ್ಕಿಂತ ವಾಸಿ, ಆದರೆ ಎಳೆತ ಇಲ್ಲದ ಕಾರಣ ತೇವ ಒಳಗೇ ಉಳಿಯುತ್ತೆ, ಕಾರಿನೊಳಗೆ ಸುಟ್ಟ ಎಣ್ಣೆ ವಾಸನೆ ಬರುತ್ತೆ. ಎರಡು ದಿನ ಕಾರು ಓಡಲೇಬೇಕು ಅನ್ನುವ ತುರ್ತಿಗೆ ಆದೀತು, ಅದೂ ಮ್ಯಾನಿಫೋಲ್ಡ್ ತೂತನ್ನು ಸರಿಯಾಗಿ ಮುಚ್ಚಿ, ಪೈಪ್ ಸೈಲೆನ್ಸರ್ ಬಿಸಿಯಿಂದ ದೂರ ಇರುವ ಹಾಗೆ ಕಟ್ಟಿ.

ಕ್ಯಾಚ್ ಕ್ಯಾನ್ ಬಗ್ಗೆ: ರ‍್ಯಾಲಿ ಗಾಡಿಗೆ, ಟರ್ಬೊ ಗಾಡಿಗೆ ಅದಕ್ಕೊಂದು ಅರ್ಥ ಇದೆ. ನಿಮ್ಮ ಓಡಾಟಕ್ಕೆ ಅದು ನೀರು ತುಂಬುವ ಇನ್ನೊಂದು ಡಬ್ಬಿ. ಖಾಲಿ ಮಾಡಲು ಮರೆತರೆ ಅದೇ ಕಟ್ಟಿಕೊಳ್ಳುತ್ತೆ. ಸತ್ತ ಪೈಪ್ ಜಾಗಕ್ಕೆ ಇನ್ನೆರಡು ಪೈಪ್, ನಾಲ್ಕು ಕ್ಲಿಪ್ ಸೇರಿಸಿದ ಹಾಗೆ ಆಗುತ್ತೆ. ಬೇಡ.

ಹಾಗಾದರೆ ಮಾಡಬೇಕಾದ್ದು ಏನು? ಎಲ್ಲಾ ರಬ್ಬರ್ ಒಟ್ಟಿಗೆ ಬದಲಿಸಿ. ಎರಡೂ ಪೈಪ್, ಪಿಸಿವಿ ವಾಲ್ವ್, ಅದು ಕೂರುವ ರಬ್ಬರ್ ಬುಷ್ ಇದ್ದರೆ ಅದೂ, ಟ್ಯಾಪೆಟ್ ಕವರ್ ಪ್ಯಾಕಿಂಗ್, ಆಯಿಲ್ ಕ್ಯಾಪಿನ ವಾಷರ್. ಒಂದೊಂದೇ ಮಾಡಿದರೆ ಏನಾಗುತ್ತೆ ಅಂದರೆ, ಒಂದು ಸರಿಯಾದ ಕೂಡಲೇ ಎಳೆತ ವಾಪಸ್ ಬರುತ್ತೆ, ಆಗ ಇನ್ನೊಂದು ಗಟ್ಟಿಯಾದ ರಬ್ಬರ್ ಗಾಳಿ ಬಿಡಲು ಶುರುಮಾಡುತ್ತೆ, ನೀವು "ಹೊಸ ಪೈಪ್ ಹಾಕಿದ ಮೇಲೇ ಜಾಸ್ತಿ ಆಯ್ತು" ಅಂತ ಬೈಕೊಂಡು ಗ್ಯಾರೇಜಿಗೆ ವಾಪಸ್ ಹೋಗುತ್ತೀರಿ.

ಸಾಮಾನು ಸಿಗುವುದೇ ದೊಡ್ಡ ತಲೆನೋವು. ಎಸ್ಟೀಮ್ ನಿಂತಿದ್ದು 2007ರಲ್ಲಿ. ಚಾಸಿಸ್ ನಂಬರ್ ಕೊಟ್ಟು ಮಾರುತಿ ಜೆನ್ಯುಯಿನ್ ಪಾರ್ಟ್ಸ್ ಕೌಂಟರ್‌ನಲ್ಲಿ ಕೇಳಿ, ಇಲ್ಲ ಅಂದರೆ ಬೆಂಗಳೂರಿನ ಜೆ.ಸಿ. ರೋಡ್ ಕಡೆ ಯಾರಾದರೂ ಹೋಗುವವರ ಕೈಯಲ್ಲಿ ಹಳೇ ಪೈಪಿನ ತುಂಡು ಕೊಟ್ಟು ಕಳಿಸಿ. ಇದೇ ಮನೆತನದ ಇಂಜಿನ್ ಜಿಪ್ಸಿಗೂ ಬಂದಿದೆ, ಆ ಗಾಡಿ ತುಂಬಾ ವರ್ಷ ನಡೆಯಿತು, ಹಾಗಾಗಿ ಕೆಲವು ಭಾಗ ಆ ಹೆಸರಿನಲ್ಲಿ ಸಿಗಬಹುದು, ಪಾರ್ಟ್ ನಂಬರ್ ಹೊಂದಿಸಿ ನೋಡಿ. ಗುಜರಿಯಿಂದ ಮಾತ್ರ ತರಬೇಡಿ. ಅಲ್ಲಿರುವುದೂ ಅದೇ ವಯಸ್ಸಿನ ಹಪ್ಪಳ.

ಪಿಸಿವಿ ವಾಲ್ವ್ ವಿಷಯದಲ್ಲಿ "ಇದೂ ಹೊಂದುತ್ತೆ" ಅನ್ನುವ ಮಾತಿಗೆ ಬೀಳಬೇಡಿ. ಅದು ಲೆಕ್ಕ ಹಾಕಿ ಮಾಡಿದ ತೂತು. ಬೇರೆ ಇಂಜಿನ್ನಿನದು ಕೂತರೂ ಐಡ್ಲಿಂಗ್ ಏರಿಯೇ ಇರುತ್ತೆ. ಅಲ್ಲಾಡಿಸಿದರೆ ಟಕ ಟಕ ಅಂದರೆ ಸರಿ ಅಂತಾರಲ್ಲ, ಸೂಜಿ ಅಂಟಿಕೊಂಡಿಲ್ಲ ಅಂತಷ್ಟೇ ಅದರರ್ಥ. ಸ್ಪ್ರಿಂಗ್ ಸೋತಿದೆಯಾ ಅಂತ ಆ ಸದ್ದು ಹೇಳುವುದಿಲ್ಲ.

ಒರಿಜಿನಲ್ ಪೈಪ್ ಸಿಗದಿದ್ದರೆ ಮೀಟರ್ ಲೆಕ್ಕದಲ್ಲಿ ಪೈಪ್ ತಂದು ಹಾಕಬಹುದು, ಜಾಸ್ತಿ ತಪ್ಪು ಆಗುವುದು ಇಲ್ಲೇ. ಹೀಟರ್‌ಗೆ ಹಾಕುವ ನೀರಿನ ಪೈಪ್ ನೋಡಲು ಗಟ್ಟಿಮುಟ್ಟಾಗಿರುತ್ತೆ, ಆದರೆ ಅದು ಇಪಿಡಿಎಂ ರಬ್ಬರ್, ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತೆ. ಹೊಳೆಯುವ ನೀಲಿ, ಕೆಂಪು ಸಿಲಿಕಾನ್ ಪೈಪ್ ಕೂಡ ಆಯಿಲ್ ಆವಿಗೆ ಅಷ್ಟಕ್ಕಷ್ಟೇ, ಎಣ್ಣೆ ಬೆವರುತ್ತೆ. ಬೇಕಾದ್ದು ಎಣ್ಣೆ, ಪೆಟ್ರೋಲ್ ತಡೆಯುವ, ಒಳಗೆ ದಾರ ಹೆಣೆದ ಪೈಪ್. ಮೇಲೆ ಬರೆದಿರುತ್ತೆ, ಓದಿ ತಗೊಳ್ಳಿ. ಮ್ಯಾನಿಫೋಲ್ಡ್ ಕಡೆಯದ್ದು ತೆಳುವಾಗಿದ್ದರೆ ಎಳೆತಕ್ಕೆ ಚಪ್ಪಟೆಯಾಗುತ್ತೆ. ತಿರುವು ಇರುವ ಕಡೆ ನೇರ ಪೈಪನ್ನು ಬಲವಂತವಾಗಿ ಬಗ್ಗಿಸಿದರೆ ಮಡಚಿಕೊಂಡು ದಾರಿ ಮುಚ್ಚುತ್ತೆ, ಮತ್ತೆ ಮೊದಲಿನ ಕಥೆಯೇ. ಹಳೇ ಪೈಪ್ ಮೇಲೆ ಎಂ-ಸೀಲ್ ಮೆತ್ತುವುದು, ಸೈಕಲ್ ಟ್ಯೂಬ್ ಸುತ್ತುವುದು ಇವೆಲ್ಲ ಮನೆ ತಲುಪುವ ತನಕದ ಉಪಾಯ.

ಬಿಚ್ಚುವ ಕೆಲಸ ಸುಲಭ ಅನಿಸುತ್ತೆ, ಅಪಾಯ ಇರುವುದೂ ಅಲ್ಲೇ. ಗಟ್ಟಿಯಾದ ಪೈಪನ್ನು ಎಳೆದು, ತಿರುಚಿ ತೆಗೆಯಬೇಡಿ. ಹಾಗೆ ಮಾಡಿದರೆ ಪೈಪ್ ಜೊತೆ ಅದು ಕೂತಿರುವ ಮೂತಿಯೂ ಮುರಿಯಬಹುದು. ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಬಿಡಿಸಿ, ಲೋಹದ ಮೂತಿ ಮೇಲೆ ಗೀರು ಬೀಳದ ಹಾಗೆ ಕೈ ಹಗುರ ಇರಲಿ. ಅದಕ್ಕೂ ಮೊದಲು ಸುತ್ತಲಿನ ಧೂಳು ಒರೆಸಿ. ತೂತುಗಳಿಗೆ ಬಟ್ಟೆ ತುರುಕಿ, ಬಟ್ಟೆಯ ಬಾಲ ಹೊರಗೆ ಕಾಣುತ್ತಿರಲಿ. ನಾನು ಹೊಸದರಲ್ಲಿ ಒಂದು ಗಾಡಿಯ ರಬ್ಬರ್ ಬುಷ್ಷನ್ನು ಸ್ಕ್ರೂಡ್ರೈವರ್‌ನಿಂದ ಮೀಟಿದೆ. ಅರ್ಧ ಕೈಗೆ ಬಂತು, ಅರ್ಧ ಟಪ್ ಅಂತ ಟ್ಯಾಪೆಟ್ ಕವರ್ ಒಳಗೆ ಬಿತ್ತು. ಕಲ್ಲಿದ್ದಲ ಚೂರಿನ ಹಾಗಿತ್ತು. ಹಾಗೇ ಬಿಟ್ಟರೆ ಆಯಿಲ್ ಜೊತೆ ಇಳಿದು ಕೆಳಗಿನ ಜಾಲರಿಗೆ ಸಿಕ್ಕಿಕೊಳ್ಳುತ್ತೆ. ಕವರ್ ಬಿಚ್ಚಿ, ಟಾರ್ಚ್ ಹಿಡಿದು, ಸಂಜೆ ತನಕ ಚೂರು ಚೂರು ಹೆಕ್ಕಿ ಟೇಬಲ್ ಮೇಲೆ ಜೋಡಿಸಿ ಬುಷ್ಷಿನ ಆಕಾರ ಪೂರ್ತಿ ಆದ ಮೇಲೇ ಮನೆಗೆ ಹೋದೆ. ಈಗ ಕವರ್ ಬಿಚ್ಚಿಯೇ ಬುಷ್ ತೆಗೆಯುತ್ತೇನೆ. ಹೇಗೂ ನಿಮ್ಮದರಲ್ಲಿ ಪ್ಯಾಕಿಂಗ್ ಹಾಕಬೇಕಲ್ಲ, ನೀವೂ ಹಾಗೇ ಮಾಡಿಸಿ.

ಕ್ಲಿಪ್ಪನ್ನು ಜೀವ ಹೋಗುವ ಹಾಗೆ ಬಿಗಿಯಬೇಡಿ. ಪ್ಯಾಕಿಂಗ್ ಜೊತೆಗೆ ಅನಾಬಾಂಡ್ ಬಳಿದು "ಡಬಲ್ ಸೇಫ್ಟಿ" ಮಾಡುವುದೂ ಬೇಡ, ಉಬ್ಬಿ ಬಂದ ಗಮ್ ಒಣಗಿ ಒಳಗೆ ಉದುರುತ್ತೆ.

ಆಮೇಲೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಅವಧಿ ಮುಗಿದಿಲ್ಲ ಅಂತ ನೋಡಬೇಡಿ, ಇರುವ ಆಯಿಲ್‌ನಲ್ಲಿ ತೇವ, ಪೆಟ್ರೋಲ್ ಎರಡೂ ಸೇರಿವೆ. ಆದರೆ ಇಂಜಿನ್ ಫ್ಲಶ್ ಅಂತ ಡಬ್ಬಿ ಸುರಿಯಲು ಬಿಡಬೇಡಿ. ಹಳೇ ಇಂಜಿನ್ನಿನ ಕೆಸರು ಒಂದೇ ಸಲ ಕಿತ್ತು ಬಂದರೆ ಜಾಲರಿ ಮುಚ್ಚಿಹೋಗುತ್ತೆ. ಥ್ರಾಟಲ್ ಬಾಡಿ ಒಮ್ಮೆ ಒರೆಸಿದರೆ ಒಳ್ಳೆಯದು.

ಇಷ್ಟಾದ ಮೇಲೆ ಒಂದು ಸಣ್ಣ ಪರೀಕ್ಷೆ. ಇಂಜಿನ್ ಬಿಸಿ ಮಾಡಿ, ಐಡ್ಲಿಂಗ್‌ನಲ್ಲಿ ಬಿಡಿ. ಏರ್ ಫಿಲ್ಟರ್ ಕಡೆಯ ಪೈಪ್ ಬಿಚ್ಚಿ, ಟ್ಯಾಪೆಟ್ ಕವರ್ ಮೇಲಿನ ಅದರ ಮೂತಿಯನ್ನು ಬೆರಳಿನಿಂದ ಮುಚ್ಚಿ. ಆಯಿಲ್ ಕ್ಯಾಪ್ ತೆಗೆದು ಆ ಬಾಯಿ ಮೇಲೆ ಒಂದು ತೆಳು ಕಾಗದ ಇಡಿ. ಸ್ವಲ್ಪ ಹೊತ್ತಿನಲ್ಲಿ ಕಾಗದ ಮೆಲ್ಲಗೆ ಒಳಗೆ ಎಳೆದುಕೊಂಡು ಕೂತರೆ ಎಳೆತ ಸರಿಯಿದೆ, ಬ್ಲೋ-ಬೈ ಕೂಡ ಹಿಡಿತದಲ್ಲಿದೆ. ಎಲ್ಲ ಹೊಸದು ಹಾಕಿದ ಮೇಲೂ ಕಾಗದ ಹಾರಿ ಬಿದ್ದರೆ ಆಗ ರಿಂಗ್ ಬಗ್ಗೆ ಮಾತಾಡೋಣ. ಅದಕ್ಕೂ ಇಂಜಿನ್ ಇಳಿಸಬೇಕಿಲ್ಲ, ಕಂಪ್ರೆಷನ್ ಟೆಸ್ಟ್ ಮಾಡಿಸಿ. ಇಂಜಿನ್ ಬಿಸಿ ಇರಬೇಕು, ನಾಲ್ಕೂ ಪ್ಲಗ್ ಬಿಚ್ಚಿರಬೇಕು, ಪೆಟ್ರೋಲ್ ಬರದ ಹಾಗೆ ಮಾಡಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಈ ಇಂಜಿನ್‌ಗೆ ಒತ್ತಡ 14 ಕೆಜಿ (ಚದರ ಸೆಂ.ಮೀ.ಗೆ) ಹತ್ತಿರ ಬರಬೇಕು. 12ರ ಕೆಳಗೆ ಇಳಿದರೆ, ಅಥವಾ ಸಿಲಿಂಡರ್‌ಗಳ ನಡುವೆ 1 ಕೆಜಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯೋಚನೆ. ಕಮ್ಮಿ ಬಂದ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಲಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ವಾಲ್ವ್ ಆದರೆ ಹೆಡ್ ಮಾತ್ರ ಬಿಚ್ಚಿದರೆ ಸಾಕು, ಬಿಲ್ ಬೇರೆಯೇ ಆಗುತ್ತೆ.

ಬೇರೆ ಗಾಡಿಯವರೂ ಓದುತ್ತಿರುತ್ತೀರಿ, ಅವರಿಗೆ ಎರಡು ಮಾತು. ಹಳೇ ಯುರೋಪಿಯನ್ ಕಾರುಗಳಲ್ಲಿ ಹಲವಕ್ಕೆ ಈ ವಾಲ್ವ್ ಬದಲು ರಬ್ಬರಿನ ತೆಳು ಪರದೆ ಇರುತ್ತೆ, ಕೆಲವದರಲ್ಲಿ ಪ್ಲಾಸ್ಟಿಕ್ ಟ್ಯಾಪೆಟ್ ಕವರ್ ಒಳಗೇ. ಅದು ಹರಿದರೆ ಶಿಳ್ಳೆ ಹೊಡೆಯುತ್ತೆ, ಇಂಜಿನ್ ಓಡುವಾಗ ಆಯಿಲ್ ಕ್ಯಾಪ್ ಎಳೆದರೂ ಬರುವುದಿಲ್ಲ. ಡೀಸೆಲ್ ಗಾಡಿಯ ಲೆಕ್ಕ ಬೇರೆ, ಅಲ್ಲಿ ಮ್ಯಾನಿಫೋಲ್ಡ್‌ನಲ್ಲಿ ಇಂಥಾ ಎಳೆತವೇ ಇಲ್ಲ, ಮೇಲಿನ ಕಾಗದದ ಪರೀಕ್ಷೆ ಅದಕ್ಕೆ ಮಾಡಬೇಡಿ.

ಸಾಗರದವರೇ, ಕೆಲಸ ಮುಗಿದ ಮೇಲೆ ಒಂದು ಭಾನುವಾರ ಶಿವಮೊಗ್ಗದವರೆಗೆ ಹೋಗಿಬನ್ನಿ. ಆಯಿಲ್ ಚೆನ್ನಾಗಿ ಬಿಸಿಯಾಗಲಿ. ವಾಪಸ್ ಬಂದು ಕ್ಯಾಪ್ ಒರೆಸಿಡಿ, ಹದಿನೈದು ದಿನ ಬಿಟ್ಟು ತೆಗೆದು ನೋಡಿ. ದಿನದ ಓಡಾಟ ಅಷ್ಟೇ ಇದ್ದರೆ ಮಳೆಗಾಲದಲ್ಲಿ ತೆಳುವಾಗಿ ಮತ್ತೆ ಬರಬಹುದು, ಕಡ್ಡಿ ಶುದ್ಧ ಇರುವ ತನಕ ತೊಂದರೆ ಇಲ್ಲ. ಕಂಪ್ರೆಷನ್ ನೋಡಿಸಿದರೆ ನಾಲ್ಕೂ ನಂಬರ್ ಬರೆದು ಕಳಿಸಿ, "ಪರವಾಗಿಲ್ಲ ಅಂದ್ರು" ಅಂತ ಬರೆಯಬೇಡಿ, ನಂಬರೇ ಬೇಕು.